ಇನ್ ಸರ್ಚ್ ಆಫ್ ಹೇಡೀಸ್: ಟ್ಯಾಂಜರೀನ್ ಡ್ರೀಮ್ ತಂಡದ ಅಪರೂಪದ ಟೇಪುಗಳು

ಇನ್ ಸರ್ಚ್ ಆಫ್ ಹೇಡೀಸ್ ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ ತಂಡ ಟ್ಯಾಂಜರೀನ್ ಡ್ರೀಮ್‌ನ ಧ್ವನಿಮುದ್ರಣಗಳ ಬೃಹತ್ ಸಂಗ್ರಹ. ವರ್ಜಿನ್ ರೆಕಾರ್ಡ್ಸ್ ಕಂಪನಿಗಾಗಿ ತಂಡ 1973ರಿಂದ 1979ರವರೆಗೆ ಮಾಡಿದ ಕೆಲಸ ಇದರಲ್ಲಿದೆ. 2019ರಲ್ಲಿ ಪ್ರಕಟವಾದ ಈ ಪೆಟ್ಟಿಗೆಯಲ್ಲಿ 16 ಸಿಡಿಗಳೂ 2 ಬ್ಲೂ-ರೇ ತಟ್ಟೆಗಳೂ ಇವೆ. ಆ ಅವಧಿಯ ಏಳು ಆಲ್ಬಮ್‌ಗಳ ಜೊತೆಗೆ ಅದುವರೆಗೆ ಅಧಿಕೃತವಾಗಿ ಹೊರಬಾರದಿದ್ದ ಟೇಪುಗಳನ್ನು ಇಲ್ಲಿ ಸೇರಿಸಲಾಗಿದೆ: ಲಂಡನ್ನಿನ ಮೂರು ಪೂರ್ಣ ಕಚೇರಿಗಳು, ಫೀಡ್ರಾ ಆಲ್ಬಮ್ಮಿನ ಮುದ್ರಣದ ವೇಳೆ ಉಳಿದುಹೋದ ತುಣುಕುಗಳು, 1974ರಲ್ಲಿ ರಂಗಭೂಮಿಗಾಗಿ ಮಾಡಿದ ಈಡಿಪಸ್ ಟಿರಾನಸ್ ನಾಟಕದ ಸಂಗೀತ.

ಹಳೆಯ ತಂಡಗಳ ಅಪರೂಪದ ಮುದ್ರಣಗಳೆಂದು ಮಾರುಕಟ್ಟೆಗೆ ಬರುವ ಪೆಟ್ಟಿಗೆಗಳಲ್ಲಿ ಬಹುಪಾಲು ಅಭಿಮಾನಿಗಳ ಕಪಾಟು ತುಂಬಿಸುವುದಕ್ಕೇ ಮೀಸಲು. ಕೈಬಿಟ್ಟ ಹಾಡು, ಅರೆಬರೆ ಪ್ರಯತ್ನ, ಒಂದೇ ಹಾಡಿನ ನಾಲ್ಕು ಪಾಠ. ಈ ಸಂಗ್ರಹದ ಮಾತು ಬೇರೆ. ಟ್ಯಾಂಜರೀನ್ ಡ್ರೀಮ್ ಆ ವರ್ಷಗಳಲ್ಲಿ ವೇದಿಕೆಯ ಮೇಲೆ ಆಲ್ಬಮ್ಮಿನ ಕೃತಿಗಳನ್ನು ನುಡಿಸುತ್ತಲೇ ಇರಲಿಲ್ಲ. ಪ್ರತಿ ಸಂಜೆಯೂ ಮನೋಧರ್ಮದಿಂದ ಹೊಸದಾಗಿ ಸಂಗೀತ ಕಟ್ಟುತ್ತಿತ್ತು. ಕಚೇರಿ ಮುಗಿದರೆ ಆ ಕೃತಿಯೂ ಮುಗಿಯಿತು. ಯಾರಾದರೂ ಟೇಪು ಓಡಿಸಿದ್ದರೆ ಮಾತ್ರ ಅದು ಉಳಿಯಿತು. ಹಾಗಾಗಿ ಈ ತಂಡದ ಮಟ್ಟಿಗೆ ಅಪ್ರಕಟಿತ ಟೇಪು ಆಲ್ಬಮ್ಮಿಗೆ ಹೊಂದಿಸಿದ ಅನುಬಂಧವಲ್ಲ. ಎಪ್ಪತ್ತರ ದಶಕದ ಟ್ಯಾಂಜರೀನ್ ಡ್ರೀಮ್ ಏನು ಮಾಡುತ್ತಿತ್ತು ಎಂದು ತಿಳಿಯಬೇಕಾದವರಿಗೆ ಅದೇ ಮೂಲಪಾಠ.

ತಂಡ ಬೆಳೆದ ಬಗೆ

ತಂಡದ ಸ್ಥಾಪಕ ಎಡ್ಗರ್ ಫ್ರೋಸೆ 1944ರ ಜೂನ್ 6ರಂದು ಪೂರ್ವ ಪ್ರಷ್ಯದ ಟಿಲ್ಸಿಟ್‌ನಲ್ಲಿ ಹುಟ್ಟಿದ. ಆ ಊರು ಈಗ ರಷ್ಯಾದಲ್ಲಿದೆ. ಪಶ್ಚಿಮ ಬರ್ಲಿನ್ನಿನಲ್ಲಿ ಚಿತ್ರಕಲೆ, ಶಿಲ್ಪಕಲೆ ಕಲಿತ ಈತ ದಿ ಒನ್ಸ್ ಎಂಬ ರಾಕ್ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ತಂಡದೊಂದಿಗೆ ಸ್ಪೇನಿನ ಕಡಾಕೆಸ್‌ನಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿಯ ಮನೆಯಲ್ಲಿ ನುಡಿಸಿದ ಸಂದರ್ಭ ತನ್ನ ದಾರಿಯನ್ನೇ ಬದಲಿಸಿತೆಂದು ಫ್ರೋಸೆ ಮುಂದೆ ಹೇಳಿಕೊಂಡಿದ್ದಾನೆ. ಬರ್ಲಿನ್ನಿಗೆ ಮರಳಿ 1967ರಲ್ಲಿ ಟ್ಯಾಂಜರೀನ್ ಡ್ರೀಮ್ ಕಟ್ಟಿದ.

ಆರಂಭದ ಸದಸ್ಯರಲ್ಲಿ ಕ್ಲೌಸ್ ಶುಲ್ಝೆ ಡ್ರಮ್ ಬಾರಿಸುತ್ತಿದ್ದ, ಕಾನ್ರಾಡ್ ಶ್ನಿಟ್ಸ್ಲರ್ ಚೆಲ್ಲೊ ಮತ್ತಿತರ ವಾದ್ಯಗಳಿಂದ ವಿಚಿತ್ರ ಸದ್ದುಗಳನ್ನು ಹೊರಡಿಸುತ್ತಿದ್ದ. ಈ ಮೂವರ ಎಲೆಕ್ಟ್ರಾನಿಕ್ ಮೆಡಿಟೇಶನ್ 1970ರಲ್ಲಿ ಓರ್ ಕಂಪನಿಯಿಂದ ಬಂತು. 1969ರಲ್ಲಿ ಬರ್ಲಿನ್ನಿನ ಒಂದು ಬಾಡಿಗೆ ಜಾಗದಲ್ಲಿ ಅಭ್ಯಾಸ ಮಾಡುವಾಗ ಮುದ್ರಿಸಿಕೊಂಡಿದ್ದ ಟೇಪೇ ಆ ಆಲ್ಬಮ್. ಹೆಸರಿನಲ್ಲಿ ಎಲೆಕ್ಟ್ರಾನಿಕ್ ಎಂದಿದ್ದರೂ ಅದರಲ್ಲಿ ಸಿಂಥಸೈಸರ್ ಇಲ್ಲ. ಆ ಮೇಲೆ ಶುಲ್ಝೆ, ಶ್ನಿಟ್ಸ್ಲರ್ ಇಬ್ಬರೂ ಹೊರನಡೆದರು. ಅಜಿಟೇಶನ್ ಫ್ರೀ ತಂಡದ ಡ್ರಮರ್ ಆಗಿದ್ದ ಕ್ರಿಸ್ಟೋಫರ್ ಫ್ರಾಂಕೆ 1970ರಲ್ಲೂ ಆರ್ಗನ್ ನುಡಿಸುತ್ತಿದ್ದ ಪೀಟರ್ ಬೌಮಾನ್ ಮರುವರ್ಷವೂ ಬಂದು ಸೇರಿದರು. ಫ್ರೋಸೆ, ಫ್ರಾಂಕೆ, ಬೌಮಾನ್: ಈ ಸಂಗ್ರಹದ ಹೃದಯಭಾಗದಲ್ಲಿ ಕೇಳಿಸುವುದು ಈ ಮೂವರೇ.

ಆಲ್ಫಾ ಸೆಂಟಾರಿ, ಝೈಟ್, ಆಟೆಮ್ ಎಂಬ ಆಲ್ಬಮ್‌ಗಳು ಒಂದರ ಹಿಂದೊಂದು ಬಂದವು. ಅವುಗಳಿಗೆ ತಾಯ್ನಾಡಿಗಿಂತ ಹೆಚ್ಚಿನ ಕೇಳುಗರು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಬಿಬಿಸಿ ರೇಡಿಯೋದ ಜಾನ್ ಪೀಲ್ 1973ರ ಅತ್ಯುತ್ತಮ ಆಲ್ಬಮ್ ಎಂದು ಆಟೆಮ್ ಅನ್ನು ಹೆಸರಿಸಿದ. ಜರ್ಮನಿಯಿಂದ ರೆಕಾರ್ಡುಗಳನ್ನು ತರಿಸಿ ಅಂಚೆಯ ಮೂಲಕ ಮಾರುತ್ತಿದ್ದ ರಿಚರ್ಡ್ ಬ್ರಾನ್ಸನ್‌ನ ಕಂಪನಿಗೆ ಯಾವುದು ಖರ್ಚಾಗುತ್ತಿದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಅದೇ ವರ್ಷ ತಾನೇ ರೆಕಾರ್ಡ್ ಕಂಪನಿ ತೆರೆದು ಮೈಕ್ ಓಲ್ಡ್‌ಫೀಲ್ಡ್‌ನ ಟ್ಯೂಬ್ಯುಲರ್ ಬೆಲ್ಸ್ ಹೊರತಂದಿದ್ದ ವರ್ಜಿನ್, ಈ ಬರ್ಲಿನ್ ತಂಡದೊಂದಿಗೂ ಒಪ್ಪಂದ ಮಾಡಿಕೊಂಡಿತು. ಸಂಗ್ರಹ ಆರಂಭವಾಗುವುದು ಇಲ್ಲಿಂದ.

ಯಂತ್ರಗಳ ಸ್ವಭಾವ

ಈ ಟೇಪುಗಳನ್ನು ಕೇಳುವ ಮೊದಲು ಅವುಗಳ ಹಿಂದಿರುವ ಯಂತ್ರಗಳ ಪರಿಚಯ ಸ್ವಲ್ಪವಾದರೂ ಬೇಕು. ಈ ಸಂಗೀತದ ಅಂದವೂ ಅಪಾಯವೂ ಹುಟ್ಟುವುದು ಅಲ್ಲಿಯೇ.

ಫ್ರಾಂಕೆಯ ಮುಂದಿದ್ದುದು ಮೂಗ್ ಮಾಡ್ಯುಲರ್ ಸಿಂಥಸೈಸರ್. ಮೊದಲು ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಬಳಿ ಇದ್ದು, ಪರ್ಫಾರ್ಮೆನ್ಸ್ ಎಂಬ ಚಲನಚಿತ್ರದಲ್ಲೂ ಕಾಣಿಸಿಕೊಂಡು, ಅಲ್ಲಿಂದ ಬರ್ಲಿನ್ನಿನ ಹನ್ಸಾ ಸ್ಟುಡಿಯೋ ಸೇರಿ, ಕೊನೆಗೆ ಫ್ರಾಂಕೆಯ ಕೈಗೆ ಬಂದ ಯಂತ್ರ ಅದು. ಕಪಾಟಿನಷ್ಟಿರುವ ಮರದ ಪೆಟ್ಟಿಗೆಗಳ ತುಂಬ ಗುಂಡಿಗಳು, ತೂತುಗಳು. ತೂತಿನಿಂದ ತೂತಿಗೆ ವೈರು ಸಿಕ್ಕಿಸಿ ಸದ್ದು ಕಟ್ಟಬೇಕು. ಅದರಲ್ಲಿ ಮುಖ್ಯವಾದ ಭಾಗ ಸೀಕ್ವೆನ್ಸರ್. ಮೂಗ್ ಕಂಪನಿಯ 960 ಸೀಕ್ವೆನ್ಸರಿನಲ್ಲಿ ಎಂಟೆಂಟು ಗುಂಡಿಗಳ ಮೂರು ಸಾಲುಗಳಿರುತ್ತವೆ. ಪ್ರತಿ ಗುಂಡಿಯೂ ಒಂದು ನಿರ್ದಿಷ್ಟ ವೋಲ್ಟೇಜನ್ನು ಹೊರಡಿಸುತ್ತದೆ. ಒಳಗಿನ ಗಡಿಯಾರ ಒಂದೊಂದೇ ಗುಂಡಿಯನ್ನು ದಾಟುತ್ತ ಹೋದಂತೆ ಆ ವೋಲ್ಟೇಜು ಆಸಿಲೇಟರಿಗೆ ತಲುಪಿ ಸ್ವರವಾಗುತ್ತದೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಎಂಟು ಸ್ವರಗಳ ಒಂದು ಆವರ್ತ ಸುತ್ತುತ್ತಲೇ ಇರುವಾಗ ನುಡಿಸುವವನು ಮೂರನೆಯ ಗುಂಡಿಯನ್ನು ಕೊಂಚ ತಿರುಗಿಸಿದರೆ ಆವರ್ತದ ಮೂರನೆಯ ಸ್ವರ ಮಾತ್ರ ಜರುಗುತ್ತದೆ. ಒಂದು ಸಾಲಿನ ಕೊನೆಯ ಹೆಜ್ಜೆ ಬಿಟ್ಟರೆ ಎಂಟರ ಲೆಕ್ಕ ಏಳಾಗಿ, ಕೇಳುಗನ ಕಾಲಡಿಯ ನೆಲವೇ ಸರಿದಂತಾಗುತ್ತದೆ. ಫ್ರಾಂಕೆ ಮೂಲತಃ ಡ್ರಮರ್. ಆತ ಈ ಯಂತ್ರವನ್ನು ತಾಳವಾದ್ಯವಾಗಿಯೇ ನುಡಿಸಿದ. ಡ್ರಮ್ಮಿಲ್ಲದೆ ಲಯ ಕಟ್ಟುವ ಈ ಪದ್ಧತಿಗೆ ಮುಂದೆ ಬರ್ಲಿನ್ ಸ್ಕೂಲ್ ಎಂಬ ಹೆಸರು ಬಂತು.

ಆಸಿಲೇಟರುಗಳಿಗೆ ಶಾಖ ಆಗಿಬರುತ್ತಿರಲಿಲ್ಲ. ಯಂತ್ರ ಬಿಸಿಯಾದಂತೆ, ಹವೆ ಬದಲಾದಾಗ ತಂಬೂರಿಯ ಶ್ರುತಿ ಜಾರುವ ಹಾಗೆ, ಅವುಗಳ ಶ್ರುತಿಯೂ ಜಾರುತ್ತಿತ್ತು. ಸ್ಟುಡಿಯೋದ ಸಮಯದಲ್ಲಿ ದೊಡ್ಡ ಪಾಲು ಶ್ರುತಿ ಕೂಡಿಸುವುದಕ್ಕೇ ಹೋಗುತ್ತಿತ್ತು. ಒಮ್ಮೆ ಸಿಕ್ಕ ಸದ್ದನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆಯೂ ಆ ಯಂತ್ರದಲ್ಲಿರಲಿಲ್ಲ. ವೈರು ಕಿತ್ತರೆ ಆ ಸದ್ದು ಹೋಯಿತು. ಮತ್ತೆ ಅದನ್ನೇ ಪಡೆಯುವುದು ಹೆಚ್ಚುಕಡಿಮೆ ಅಸಾಧ್ಯ. ನೆನ್ನೆಯ ಕೃತಿಯನ್ನು ಇಂದು ಪುನಃ ನುಡಿಸದಿರುವುದಕ್ಕೆ ತಂಡದ ಆದರ್ಶ ಎಷ್ಟು ಕಾರಣವೋ ಈ ಯಂತ್ರವೂ ಅಷ್ಟೇ ಕಾರಣ.

ಫ್ರೋಸೆಯ ವಾದ್ಯ ಮೆಲೊಟ್ರಾನ್. ಅದರ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಪಟ್ಟಿಯ ಮೇಲೆ ನಿಜವಾದ ಪಿಟೀಲಿನ, ಕೊಳಲಿನ ಅಥವಾ ಗಾಯಕವೃಂದದ ಒಂದು ಸ್ವರ. ಕೀಲಿ ಒತ್ತಿದಾಗ ಪಟ್ಟಿ ಓಡತೊಡಗಿ ಸುಮಾರು 8 ಸೆಕೆಂಡಿಗೆ ಮುಗಿದುಹೋಗುತ್ತದೆ. ಫೀಡ್ರಾದ ಎರಡನೆಯ ಕೃತಿಯಲ್ಲಿ ಅಲೆಅಲೆಯಾಗಿ ಬರುವ ತಂತಿವಾದ್ಯಗಳ ನಾದ ಈ ಪಟ್ಟಿಗಳದೇ. ಫ್ರೋಸೆ ಮೆಲೊಟ್ರಾನ್ ನುಡಿಸುತ್ತಿದ್ದಾಗ ಆತನ ಹೆಂಡತಿ ಮೋನಿಕ್ ಪಕ್ಕದಲ್ಲಿ ಕುಳಿತು ಫೇಸಿಂಗ್ ಉಪಕರಣದ ಗುಂಡಿ ತಿರುಗಿಸುತ್ತಿದ್ದಳು. ಬೌಮಾನ್ ಆರ್ಗನ್, ಎಲೆಕ್ಟ್ರಿಕ್ ಪಿಯಾನೊ, ಕೊಳಲು ನೋಡಿಕೊಳ್ಳುತ್ತಿದ್ದ. ಲಂಡನ್ನಿನ ಇಎಂಎಸ್ ಕಂಪನಿಯ ವಿಸಿಎಸ್-3 ಸಿಂಥಸೈಸರನ್ನು ಮೂವರೂ ಬಳಸಿದರು.

ಫೀಡ್ರಾ ಮತ್ತು ಅದರ ಉಳಿಕೆ

ವರ್ಜಿನ್ ಕಂಪನಿಯ ಸ್ಟುಡಿಯೋ ಇದ್ದದ್ದು ಆಕ್ಸ್‌ಫರ್ಡ್‌ಶೈರಿನ ಶಿಪ್ಟನ್-ಆನ್-ಚರ್ವೆಲ್ ಹಳ್ಳಿಯ ಹಳೆಯ ಬಂಗಲೆಯೊಂದರಲ್ಲಿ. ಹೆಸರು ದಿ ಮ್ಯಾನರ್. ಕಲಾವಿದರು ಅಲ್ಲಿಯೇ ಉಂಡು, ಮಲಗಿ, ಮನಸ್ಸು ಬಂದ ಹೊತ್ತಿನಲ್ಲಿ ಮುದ್ರಣ ಮಾಡಬಹುದಿತ್ತು. 1973ರ ಕೊನೆಯಲ್ಲಿ ಮೂವರೂ ಅಲ್ಲಿ ಕೆಲಸ ಮಾಡಿ, 1974ರ ಫೆಬ್ರವರಿಯಲ್ಲಿ ಫೀಡ್ರಾ ಹೊರತಂದರು. ರೇಡಿಯೋದಲ್ಲಿ ಹಾಕುವಂಥ ಹಾಡು ಒಂದೂ ಇಲ್ಲದ, ಒಂದು ಮಗ್ಗುಲಿನ ತುಂಬ 17 ನಿಮಿಷಕ್ಕೂ ಮೀರಿದ ಒಂದೇ ಕೃತಿಯಿದ್ದ ಈ ಆಲ್ಬಮ್ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತು.

ಶೀರ್ಷಿಕೆ ಕೃತಿಯ ತಳದಲ್ಲಿರುವುದು ಒಂದು ಮನೋಧರ್ಮದ ನುಡಿಸಾಣಿಕೆ. ಸೀಕ್ವೆನ್ಸರಿನ ಆವರ್ತ ಓಡುತ್ತಿರುವಾಗಲೇ ಯಂತ್ರ ಕಾದು ಆಸಿಲೇಟರುಗಳು ಶ್ರುತಿ ತಪ್ಪುವುದೂ ಅದಕ್ಕೆ ತಕ್ಕಂತೆ ಸಂಗೀತ ಬೇರೆ ದಿಕ್ಕಿಗೆ ಹೊರಳುವುದೂ ಟೇಪಿನಲ್ಲಿ ಹಾಗೆಯೇ ದಾಖಲಾಗಿವೆ. ಶ್ರುತಿ ಸರಿಪಡಿಸಿ ಇನ್ನೊಮ್ಮೆ ನುಡಿಸುವ ಹಾದಿ ತೆರೆದೇ ಇತ್ತು. ಅವರು ಹಾಗೆ ಮಾಡಲಿಲ್ಲ. ಜಾರಿದ್ದನ್ನೇ ಕೃತಿಯೆಂದು ಒಪ್ಪಿದರು. ಆ ನಿರ್ಧಾರವೇ ಈ ಆಲ್ಬಮ್ಮಿನ ನಿಜವಾದ ರಚನೆ ಎಂದರೆ ತಪ್ಪಾಗದು.

ಸಂಗ್ರಹದಲ್ಲಿರುವ ಉಳಿಕೆ ಟೇಪುಗಳ ಬೆಲೆ ತಿಳಿಯುವುದು ಇಲ್ಲಿ. ಇವುಗಳಿಗೆ ಸರಿಯಾದ ಹೆಸರುಗಳೂ ಇಲ್ಲ. ಟೇಪಿನ ಡಬ್ಬಿಯ ಮೇಲೆ ಗುರುತಿಗೆಂದು ಬರೆಯುವ ಮಾತುಗಳೇ ಶೀರ್ಷಿಕೆಗಳಾಗಿವೆ: ಆರ್ಗನ್ ಪೀಸ್, ಫ್ಲೂಟ್ ಆರ್ಗನ್ ಪೀಸ್, ಹೀಗೆ. ಅವನ್ನು ಕೇಳಿ ಫೀಡ್ರಾಕ್ಕೆ ಮರಳಿದಾಗ, ಆ ಆಲ್ಬಮ್ ಒಂದೇ ಉಸಿರಿನಲ್ಲಿ ಮೂಡಿದ್ದೆಂಬ ಹಳೆಯ ಭಾವನೆ ಉಳಿಯುವುದಿಲ್ಲ. ದಿನಗಟ್ಟಲೆ ನುಡಿಸಿದ್ದರಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂದು ಮೂವರು ತೆಗೆದುಕೊಂಡ ತೀರ್ಮಾನಗಳು ಕಿವಿಗೆ ಸ್ಪಷ್ಟವಾಗುತ್ತವೆ. ಬಿಟ್ಟದ್ದರಲ್ಲಿ ಸೊಗಸಾದ ಭಾಗಗಳಿಲ್ಲವೆಂದಲ್ಲ. ಆದರೆ ಇಟ್ಟುಕೊಂಡದ್ದರಲ್ಲಿ ಇರುವ ಬಿಗಿ ಅವುಗಳಲ್ಲಿ ಇಲ್ಲ. ಒಂದು ಮಹತ್ವದ ಕೃತಿಯ ಪಕ್ಕದಲ್ಲೇ ಅದು ಬೇರೆ ರೀತಿ ಆಗಬಹುದಿದ್ದ ಸಾಧ್ಯತೆಗಳನ್ನು ಕೇಳುವ ಅವಕಾಶ ಎಲೆಕ್ಟ್ರಾನಿಕ್ ಸಂಗೀತದಲ್ಲಿ ಹೆಚ್ಚಾಗಿ ಸಿಗುವಂಥದ್ದಲ್ಲ.

ಮೂರು ಲಂಡನ್ ಕಚೇರಿಗಳು

1974ರ ಜೂನ್ 16ರಂದು ವಿಕ್ಟೋರಿಯಾ ಪ್ಯಾಲೇಸ್ ಥಿಯೇಟರ್; ಅದೇ ವರ್ಷ ಅಕ್ಟೋಬರ್ 27ರಂದು ರೇನ್‌ಬೋ ಥಿಯೇಟರ್; 1975ರ ಏಪ್ರಿಲ್ 2ರಂದು ರಾಯಲ್ ಆಲ್ಬರ್ಟ್ ಹಾಲ್. ಹತ್ತು ತಿಂಗಳೊಳಗಿನ ಈ ಮೂರು ಸಂಜೆಗಳು ಮೊದಲಿನಿಂದ ಕೊನೆಯವರೆಗೆ ಇಲ್ಲಿವೆ. ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಭಾಗ ಇದು.

ಆಗಿನ ಟ್ಯಾಂಜರೀನ್ ಡ್ರೀಮ್ ಕಚೇರಿ ರಾಕ್ ಕಚೇರಿಯ ಯಾವ ರೂಢಿಯನ್ನೂ ಪಾಲಿಸುತ್ತಿರಲಿಲ್ಲ. ಗಾಯಕನಿಲ್ಲ, ಡ್ರಮ್ಮಿಲ್ಲ, ಸಭೆಯೊಡನೆ ಮಾತಿಲ್ಲ. ಕತ್ತಲು ಕತ್ತಲಾದ ವೇದಿಕೆಯ ಮೇಲೆ ಮೂವರು ತಂತಮ್ಮ ಯಂತ್ರಗಳ ಮುಂದೆ ಕುಳಿತಿರುತ್ತಿದ್ದರು. ಬೆರಳು ಯಾವ ಗುಂಡಿಯ ಮೇಲಿದೆ ಎಂಬುದೂ ಸಭಿಕರಿಗೆ ಕಾಣುತ್ತಿರಲಿಲ್ಲ. ಇಂಥ ಕಚೇರಿಗೆ ಚರ್ಚುಗಳು ಹೇಳಿಮಾಡಿಸಿದ ಜಾಗವಾದವು. 1974ರ ಡಿಸೆಂಬರ್ 13ರಂದು ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್‌ನಲ್ಲಿ, ಗಾಯಕಿ ನಿಕೊ ಜೊತೆಗೆ, ತಂಡ ನುಡಿಸಿದಾಗ ಜಾಗ ಸಾಲದಷ್ಟು ಜನ ಒಳಗೆ ನುಗ್ಗಿ ದೊಡ್ಡ ಗದ್ದಲವೇ ಆಯಿತು. ಮರುವರ್ಷ ಇಂಗ್ಲೆಂಡಿನ ಕವೆಂಟ್ರಿ ಕೆಥೆಡ್ರಲ್ ಕಚೇರಿಯನ್ನು ನಿರ್ದೇಶಕ ಟೋನಿ ಪಾಮರ್ ಚಿತ್ರೀಕರಿಸಿದ.

ಲಂಡನ್ನಿನ ಈ ಟೇಪುಗಳಲ್ಲಿ ಕೃತಿಗಳ ಹೆಸರು ಹುಡುಕಿ ಉಪಯೋಗವಿಲ್ಲ. ಇರುವುದು ಭಾಗಗಳು ಮಾತ್ರ. ಆಗಷ್ಟೇ ಬಂದಿದ್ದ ಫೀಡ್ರಾವನ್ನು ಕೇಳಲೆಂದು ವಿಕ್ಟೋರಿಯಾ ಪ್ಯಾಲೇಸಿಗೆ ಹೋದವರಿಗೆ ಅದು ಸಿಗಲಿಲ್ಲ. ಸಿಕ್ಕಿದ್ದು ಫೀಡ್ರಾ ಹುಟ್ಟಿದ ಬಗೆ. ಬಹಳ ಹೊತ್ತು ನಾದವೊಂದು ನಿಂತಲ್ಲೇ ನಿಂತಿರುತ್ತದೆ, ಒಬ್ಬನ ಮೆಲೊಟ್ರಾನ್ ಇನ್ನೊಬ್ಬನ ಆರ್ಗನ್ನಿಗೆ ದಾರಿ ಬಿಡುತ್ತದೆ, ಯಾರೂ ಅವಸರಪಡುವುದಿಲ್ಲ. ಸೀಕ್ವೆನ್ಸರ್ ಪ್ರವೇಶಿಸುವ ಕ್ಷಣಕ್ಕೆ ಕೇಳುಗ ಕಾಯಬೇಕು. ಬಂದ ಮೇಲೂ ಅದು ಸರಿಯಾಗಿ ಕೂಡಿಕೊಳ್ಳುತ್ತದೆಂಬ ಖಾತರಿ ಇಲ್ಲ. ತಡಕಾಡುವ ಗಳಿಗೆಗಳೂ ಸೊರಗುವ ಗಳಿಗೆಗಳೂ ಇವೆ. ಅವನ್ನು ಕತ್ತರಿಸದೆ ಉಳಿಸಿರುವುದು ಸಂಪಾದಕರ ವಿವೇಕ. ಕಚೇರಿಯ ಉತ್ತುಂಗಕ್ಕೆ ಅರ್ಥ ಬರುವುದು ಅದರ ಹಿಂದಿನ ತಡಕಾಟವೂ ಕೇಳಿಸಿದಾಗಲೇ.

ಇದರ ಮಹತ್ವ ರಿಕೋಶೆ ಆಲ್ಬಮ್ ಪಕ್ಕದಲ್ಲಿಟ್ಟಾಗ ಇನ್ನಷ್ಟು ಸ್ಪಷ್ಟ. 1975ರ ಡಿಸೆಂಬರಿನಲ್ಲಿ ಬಂದ ರಿಕೋಶೆಯನ್ನು ತಂಡದ ಮೊದಲ ಲೈವ್ ಆಲ್ಬಮ್ ಎಂದು ಕರೆಯುವುದು ವಾಡಿಕೆ. ಆ ವರ್ಷದ ಫ್ರಾನ್ಸ್, ಇಂಗ್ಲೆಂಡ್ ಪ್ರವಾಸದ ಟೇಪುಗಳೇ ಅದಕ್ಕೆ ಆಧಾರ. ಆದರೆ ಗಂಟೆಗಟ್ಟಲೆ ಸಂಗೀತವನ್ನು ಸ್ಟುಡಿಯೋದಲ್ಲಿ ಕತ್ತರಿಸಿ, ಜೋಡಿಸಿ, ಸೇರಿಸಿ ಎರಡು ಮಗ್ಗುಲುಗಳಿಗೆ ಇಳಿಸಿದ ಕೃತಿ ಅದು. ಅತ್ಯುತ್ತಮ ಕೃತಿಯೇ, ಎರಡನೆಯ ಭಾಗದ ಆರಂಭದಲ್ಲಿ ಬರುವ ಪಿಯಾನೊ ಸ್ವರಗಳಿಂದ ಸೀಕ್ವೆನ್ಸರಿಗೆ ಹೊರಳುವ ರೀತಿ ತಂಡದ ಇಡೀ ಸಾಧನೆಯಲ್ಲೇ ಎದ್ದುಕಾಣುತ್ತದೆ. ಆದರೂ ಕಚೇರಿಯಲ್ಲಿ ಕುಳಿತವರು ಕೇಳಿದ್ದು ಅದನ್ನಲ್ಲ. ಅವರು ಕೇಳಿದ್ದೇನೆಂದು ಹೇಳುವುದು ಈ ಮೂರು ಟೇಪುಗಳು.

ಆಲ್ಬರ್ಟ್ ಹಾಲ್ ಕಚೇರಿಗೆ ಇನ್ನೊಂದು ವಿಶೇಷವಿದೆ. ಆ ಹೊತ್ತಿನಲ್ಲಿ ಬೌಮಾನ್ ತಂಡದಿಂದ ದೂರವಿದ್ದ. ಆಸ್ಟ್ರೇಲಿಯಾ ಪ್ರವಾಸಕ್ಕೂ ಈ ಕಚೇರಿಗೂ ಆತನ ಜಾಗದಲ್ಲಿ ಕುಳಿತವನು ಫ್ರಾಂಕೆಯ ಹಳೆಯ ತಂಡ ಅಜಿಟೇಶನ್ ಫ್ರೀಯ ಮಿಶಾಯೆಲ್ ಹೋನಿಗ್. ತಂಡದ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಹೋನಿಗ್ ಇಲ್ಲ. ಮುಂದೆ 1978ರಲ್ಲಿ ಡಿಪಾರ್ಚರ್ ಫ್ರಮ್ ದಿ ನಾರ್ದರ್ನ್ ವೇಸ್ಟ್‌ಲ್ಯಾಂಡ್ ಎಂಬ ಸ್ವಂತ ಆಲ್ಬಮ್ ಮಾಡಿ ಈ ಶೈಲಿಯ ಸಮರ್ಥನೆನಿಸಿದ ಈತ ಟ್ಯಾಂಜರೀನ್ ಡ್ರೀಮ್‌ನೊಳಗೆ ಹೇಗೆ ಹೊಂದಿಕೊಂಡ ಎಂಬುದಕ್ಕೆ ಈ ಸಂಜೆಯೇ ದೊಡ್ಡ ಸಾಕ್ಷಿ. ಮೂವರ ನಡುವಿನ ಸಮತೋಲ ಇಲ್ಲಿ ಬೇರೆಯಾಗಿದೆ. ಒಬ್ಬ ಬದಲಾದರೆ ಸಂಗೀತವೇ ಬದಲಾಗುವಷ್ಟು ಈ ಕಲೆ ವ್ಯಕ್ತಿಗಳನ್ನು ನೆಚ್ಚಿಕೊಂಡಿತ್ತು. ಯಂತ್ರ ಸಂಗೀತ ನಿರ್ಜೀವ, ಗುಂಡಿ ಒತ್ತಿದರೆ ಯಾರು ಒತ್ತಿದರೂ ಒಂದೇ ಎಂದು ವಾದಿಸುವವರು ರೇನ್‌ಬೋ ಮತ್ತು ಆಲ್ಬರ್ಟ್ ಹಾಲ್ ಟೇಪುಗಳನ್ನು ಒಂದಾದ ಮೇಲೊಂದು ಕೇಳಬೇಕು.

ಈಡಿಪಸ್ ಟಿರಾನಸ್

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್ ಪ್ರಾಂತದ ಚಿಚೆಸ್ಟರ್ ಫೆಸ್ಟಿವಲ್ ಥಿಯೇಟರ್ 1962ರಲ್ಲಿ ಲಾರೆನ್ಸ್ ಒಲಿವಿಯೆಯ ನೇತೃತ್ವದಲ್ಲಿ ಆರಂಭವಾದ ರಂಗಮಂದಿರ. ಪ್ರೇಕ್ಷಕರು ಮೂರು ಕಡೆಯಿಂದ ಸುತ್ತುವರಿದು ಕೂರುವ ಚಾಚು ರಂಗ ಅದರ ಹೆಗ್ಗುರುತು. 1974ರಲ್ಲಿ ನಟ ಕೀತ್ ಮಿಚೆಲ್ ಅದರ ಕಲಾ ನಿರ್ದೇಶಕನಾದ. ಆ ವರ್ಷ ಸೊಫೊಕ್ಲಿಸ್‌ನ ಈಡಿಪಸ್ ನಾಟಕವನ್ನು ಹೊವಾನೆಸ್ ಪಿಲಿಕಿಯನ್ ನಿರ್ದೇಶಿಸಿದ. ಮಿಚೆಲ್ ಈಡಿಪಸ್ ಆದ, ಚಿತ್ರತಾರೆ ಡಯಾನಾ ಡಾರ್ಸ್ ಜೊಕಾಸ್ಟಳ ಪಾತ್ರ ವಹಿಸಿದಳು. ಸಂಗೀತಕ್ಕೆ ಕರೆ ಹೋದದ್ದು ಟ್ಯಾಂಜರೀನ್ ಡ್ರೀಮ್‌ಗೆ. ಲಂಕೇಶರ ದೊರೆ ಈಡಿಪಸ್ ಓದಿದ ಅಥವಾ ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಬಿ. ವಿ. ಕಾರಂತರು ಆಡಿಸಿದ ಈಡಿಪಸ್ ನೋಡಿದ ಕನ್ನಡಿಗರಿಗೆ ಈ ನಾಟಕದ ಬಿಸಿ ಹೊಸದಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅದೇ ನಾಟಕಕ್ಕೆ ಸಿಂಥಸೈಸರುಗಳ ಸಂಗೀತ ಕೂಡಿದ್ದನ್ನು ಕೇಳುವುದು ಕುತೂಹಲದ ಸಂಗತಿ.

ಈ ಸಂಗೀತದಿಂದ ಓವರ್ಚರ್ ಎಂಬ ಒಂದೇ ಭಾಗ 1975ರಲ್ಲಿ ವರ್ಜಿನ್ ಕಂಪನಿಯ ವಿ ಎಂಬ ಮಿಶ್ರ ಆಲ್ಬಮ್ಮಿನಲ್ಲಿ ಬೆಳಕು ಕಂಡಿತ್ತು. ಮಿಕ್ಕದ್ದು 45 ವರ್ಷ ಅಧಿಕೃತವಾಗಿ ಹೊರಬರಲೇ ಇಲ್ಲ. ಕಳ್ಳಪ್ರತಿಗಳು ಅಭಿಮಾನಿಗಳ ಕೈಯಿಂದ ಕೈಗೆ ದಾಟುತ್ತಿದ್ದವು, ಪ್ರತಿಯ ಪ್ರತಿ ತೆಗೆದಂತೆಲ್ಲ ಸದ್ದು ಮಸುಕಾಗುತ್ತಿತ್ತು. ಹೀಗಾಗಿ ಫೀಡ್ರಾ ಮತ್ತು 1975ರ ಆಲ್ಬಮ್ ರೂಬಿಕಾನ್ ನಡುವಿನ ಒಂದು ಪೂರ್ಣ ಕೃತಿ ತಂಡದ ಚರಿತ್ರೆಯಿಂದಲೇ ಬಿಟ್ಟುಹೋಗಿತ್ತು. 2019ರ ಸಂಗ್ರಹ ಅದನ್ನು ಮೂಲ ಟೇಪಿನಿಂದ ಮೇಲೆತ್ತಿ ಅದರ ಜಾಗದಲ್ಲಿ ಕೂರಿಸಿತು. ಬೇರೇನೂ ಇಲ್ಲದಿದ್ದರೂ ಇದೊಂದಕ್ಕಾಗಿ ಈ ಸಂಗ್ರಹ ಮುಖ್ಯವಾಗುತ್ತಿತ್ತು.

ಅಂಕಗಳಿಗೆ ತಕ್ಕಂತೆ ಸಂಗೀತದ ವಿಭಾಗಗಳಿವೆ. ಯುದ್ಧದ ಸನ್ನಿವೇಶಕ್ಕೆ ಒಂದು, ಸ್ಯೂಸ್ ದೇವನಿಗೆ ಒಂದು, ಬರೋಕ್ ಎಂಬ ಹೆಸರಿನದು ಇನ್ನೊಂದು. ನಟರ ಮಾತಿಗೆ ಜಾಗ ಬಿಡಬೇಕಾದ ಸಂಗೀತವಾದ್ದರಿಂದ ಇಲ್ಲಿ ತಂಡ ತನ್ನ ವಿಸ್ತಾರದ ಚಟವನ್ನು ಹಿಡಿತದಲ್ಲಿಟ್ಟುಕೊಂಡಿದೆ. ಹೊರಗಿನ ಕಥೆಯೊಂದಕ್ಕೆ ಕಟ್ಟುಬಿದ್ದು ಸಂಗೀತ ಮಾಡುವ ಈ ಶಿಸ್ತು ಮುಂದೆ ತಂಡದ ಜೀವನೋಪಾಯವೇ ಆಯಿತು. ವಿಲಿಯಂ ಫ್ರೀಡ್ಕಿನ್‌ನ ಸಾರ್ಸರರ್ (1977), ಮೈಕೆಲ್ ಮಾನ್‌ನ ಥೀಫ್ (1981), ಅದಾದ ಮೇಲೆ ರಿಸ್ಕಿ ಬಿಸಿನೆಸ್ (1983) ಮುಂತಾದ ಹಾಲಿವುಡ್ ಚಿತ್ರಗಳಿಗೆ ತಂಡ ಕೊಟ್ಟ ಸಂಗೀತಕ್ಕೆ ಮೊದಲ ತಾಲೀಮು ಚಿಚೆಸ್ಟರಿನ ರಂಗದ ಮೇಲೆ ನಡೆದಿತ್ತೆಂದು ಈಗ ಧೈರ್ಯವಾಗಿ ಹೇಳಬಹುದು.

ಸ್ಟೀವನ್ ವಿಲ್ಸನ್‌ನ ಮರುಮಿಶ್ರಣ

ಪೋರ್ಕ್ಯುಪೈನ್ ಟ್ರೀ ತಂಡದ ಸ್ಟೀವನ್ ವಿಲ್ಸನ್ ಕಿಂಗ್ ಕ್ರಿಮ್ಸನ್, ಜೆಥ್ರೊ ಟಲ್, ಯೆಸ್ ತಂಡಗಳ ಹಳೆಯ ಆಲ್ಬಮ್‌ಗಳನ್ನು ಮರುಮಿಶ್ರಣ ಮಾಡಿ ಹೆಸರಾದವನು. ಇಲ್ಲಿ ಫೀಡ್ರಾ, ರಿಕೋಶೆ, ಈಡಿಪಸ್ ಟಿರಾನಸ್ ಮೂರನ್ನೂ ಮಲ್ಟಿಟ್ರ್ಯಾಕ್ ಟೇಪುಗಳಿಂದ ಸ್ಟೀರಿಯೊಗೂ 5.1 ಸರೌಂಡಿಗೂ ಸಿದ್ಧಪಡಿಸಿದ್ದಾನೆ. ಮೂಲದ ಸಮತೋಲವನ್ನು ಕೆಡಿಸದೆ ಪದರಗಳನ್ನು ಬಿಡಿಸಿ ತೋರಿಸುವುದು ಆತನ ಕ್ರಮ. ಕಚೇರಿಗಳಲ್ಲಿ ಸುತ್ತಲಿಂದ ಸದ್ದು ಹರಿಸಲು ಹಂಬಲಿಸುತ್ತಿದ್ದ ತಂಡಕ್ಕೆ ಸರೌಂಡ್ ಒಪ್ಪುತ್ತದೆ. ಮೊದಲ ಸಲ ಕೇಳುವವರು ಮಾತ್ರ ಫೀಡ್ರಾದ 1974ರ ಮೂಲ ಮಿಶ್ರಣದಿಂದಲೇ ಆರಂಭಿಸುವುದು ಒಳ್ಳೆಯದು. ಮಸುಕಿನೊಳಗಿಂದ ಸ್ವರ ಮೂಡಿಬರುವ ಅನುಭವ ಅಲ್ಲಿ ಹೆಚ್ಚು.

ಹಳೆಯ ಟೇಪು, ಎರಡು ನಿಲುವು

ತಂಡದ ಅಪ್ರಕಟಿತ ಸಾಮಗ್ರಿ ಹೊರಬಂದದ್ದು ಇದೇ ಮೊದಲಲ್ಲ. ಹಿಂದಿನ ಪ್ರಯತ್ನಗಳ ಜೊತೆ ಹೋಲಿಸಿದಾಗಲೇ 2019ರ ಸಂಗ್ರಹದ ನಿಲುವು ಎಷ್ಟು ಬೇರೆ ಎಂದು ಗೊತ್ತಾಗುವುದು.

ಬೌಮಾನ್ ಇಲ್ಲದ ಹೊತ್ತಿನಲ್ಲಿ 1973ರಲ್ಲಿ ಫ್ರೋಸೆ ಮತ್ತು ಫ್ರಾಂಕೆ ಮುದ್ರಿಸಿ ಬದಿಗಿಟ್ಟಿದ್ದ ಗ್ರೀನ್ ಡೆಸರ್ಟ್ 1986ರಲ್ಲಿ ಇನ್ ದಿ ಬಿಗಿನಿಂಗ್ ಎಂಬ ಪೆಟ್ಟಿಗೆಯ ಭಾಗವಾಗಿ ಬಂತು. ಆದರೆ ಬರುವ ಮೊದಲು ಅದನ್ನು ಹೊಸ ಕಾಲದ ಕಿವಿಗೆ ತಕ್ಕಂತೆ ತಿದ್ದಲಾಗಿತ್ತು. 1994ರಲ್ಲಿ ವರ್ಜಿನ್ ಹೊರತಂದ 5 ಸಿಡಿಗಳ ಟ್ಯಾಂಜೆಂಟ್ಸ್ ಸಂಗ್ರಹವನ್ನು ಫ್ರೋಸೆಯೇ ಆರಿಸಿ ಜೋಡಿಸಿದ. ಐದನೆಯ ತಟ್ಟೆಯಲ್ಲಿ ಅಪ್ರಕಟಿತ ಕೃತಿಗಳಿದ್ದವು. ಉಳಿದವುಗಳಲ್ಲಿ ಎಷ್ಟೋ ಹಳೆಯ ಕೃತಿಗಳ ಮೇಲೆ ಆತ ಹೊಸ ವಾದ್ಯಗಳನ್ನು ನುಡಿಸಿ ಸೇರಿಸಿದ್ದ. 2005ರಲ್ಲಿ ಫೀಡ್ರಾವನ್ನೇ ಪೂರ್ತಿ ಹೊಸದಾಗಿ ಮುದ್ರಿಸಿದ. ಅಭಿಮಾನಿಗಳಲ್ಲಿ ದೊಡ್ಡ ಗುಂಪು ಇದನ್ನು ಸಹಿಸಲಿಲ್ಲ.

ಫ್ರೋಸೆಯ ಪಕ್ಷವೂ ನ್ಯಾಯವಾದದ್ದೇ. ನೆನ್ನೆ ನುಡಿಸಿದ್ದನ್ನು ಇಂದು ನುಡಿಸದಿರುವುದೇ ಧರ್ಮವೆಂದು ಬಾಳಿದ ಕಲಾವಿದನಿಗೆ 20 ವರ್ಷದ ಹಿಂದಿನ ಟೇಪು ಪವಿತ್ರ ವಸ್ತುವಾಗಿ ಕಾಣಬೇಕೆಂದಿಲ್ಲ. ಅದು ಮುಂದಿನ ಕೆಲಸಕ್ಕೆ ಸಾಮಗ್ರಿ. ಕೃತಿ ಎಂದೂ ಮುಗಿಯುವುದಿಲ್ಲ ಎಂಬ ಆತನ ನಂಬಿಕೆ ಎಪ್ಪತ್ತರ ದಶಕದ ಕಚೇರಿಗಳಲ್ಲೂ ತೊಂಬತ್ತರ ದಶಕದ ತಿದ್ದುಪಡಿಗಳಲ್ಲೂ ಒಂದೇ. ಆದರೆ ಕೇಳುಗನಿಗೂ ಚರಿತ್ರೆಕಾರನಿಗೂ ಬೇಕಾದದ್ದು ಆ ದಿನ ಆ ಕೋಣೆಯಲ್ಲಿ ಆದದ್ದು. ಯಂತ್ರ ಜಾರಿದ್ದೂ ಸೇರಿದಂತೆ.

ಆ ಬೇಡಿಕೆಯನ್ನು ಮೊದಲು ಪೂರೈಸಿದವರು ಅಭಿಮಾನಿಗಳೇ. ಸಭೆಯಲ್ಲಿ ಕುಳಿತು ಗುಟ್ಟಾಗಿ ಮುದ್ರಿಸಿಕೊಂಡಿದ್ದ ಕಚೇರಿ ಟೇಪುಗಳನ್ನು 2002ರಿಂದ ಟ್ಯಾಂಜರೀನ್ ಟ್ರೀ ಎಂಬ ಯೋಜನೆಯಡಿ ಒಟ್ಟುಮಾಡಿ, ಶುದ್ಧಗೊಳಿಸಿ, ಲಾಭದ ಮಾತಿಲ್ಲದೆ ಹಂಚಿದರು. 2003 ಮತ್ತು 2004ರಲ್ಲಿ ಇಂಥ ಕಚೇರಿ ಮುದ್ರಣಗಳ ಎರಡು ಅಧಿಕೃತ ಪೆಟ್ಟಿಗೆಗಳು ಬೂಟ್‌ಲೆಗ್ ಬಾಕ್ಸ್ ಸೆಟ್ ಎಂಬ ಹೆಸರಿನಲ್ಲೇ ಬಂದವು. ಕೆಮ್ಮು, ಪಿಸುಮಾತು, ಕುರ್ಚಿಯ ಸದ್ದು ಎಲ್ಲದರ ನಡುವೆ ಸಂಗೀತವನ್ನು ಕಾಪಾಡಿಕೊಂಡು ಬಂದ ಆ ಜನರ ಋಣ ಈ ಸಂಗೀತವನ್ನು ಪ್ರೀತಿಸುವ ಎಲ್ಲರ ಮೇಲೂ ಇದೆ. 2015ರ ಜನವರಿ 20ರಂದು ಫ್ರೋಸೆ ವಿಯೆನ್ನಾದಲ್ಲಿ ತೀರಿಕೊಂಡ. ನಾಲ್ಕು ವರ್ಷದ ಮೇಲೆ ಬಂದ ಇನ್ ಸರ್ಚ್ ಆಫ್ ಹೇಡೀಸ್ ಟೇಪಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಕೊಡುವ ದಾರಿ ಹಿಡಿಯಿತು.

ಉಳಿದ ಆಲ್ಬಮ್‌ಗಳು, ಕೊರತೆಗಳು

ರೂಬಿಕಾನ್ (1975) ಬ್ರಿಟನ್ನಿನ ಪಟ್ಟಿಯಲ್ಲಿ 10ನೇ ಸ್ಥಾನ ಪಡೆದ, ತಂಡದ ಅತ್ಯಂತ ಹದವಾದ ಆಲ್ಬಮ್. 1976ರ ಸ್ಟ್ರ್ಯಾಟೊಸ್ಫಿಯರ್‌ನಲ್ಲಿ ಸ್ಪಷ್ಟ ರಾಗಗಳೂ ಗಿಟಾರೂ ಮುಂದೆ ಬರುತ್ತವೆ. ಎನ್‌ಕೋರ್ 1977ರ ಅಮೆರಿಕ ಪ್ರವಾಸದ ಫಲ. ಆ ವರ್ಷದ ಕೊನೆಗೆ ಬೌಮಾನ್ ತಂಡ ಬಿಟ್ಟ. ಸೈಕ್ಲೋನ್ (1978) ಆಲ್ಬಮ್ಮಿಗೆ ಸ್ಟೀವ್ ಜಾಲಿಫ್ ಬಂದು ಹಾಡಿದ, ಕ್ಲೌಸ್ ಕ್ರೂಗರ್ ಡ್ರಮ್ ಬಾರಿಸಿದ. ಹಾಡನ್ನು ಅಭಿಮಾನಿಗಳು ಒಪ್ಪಲಿಲ್ಲ. ಫೋರ್ಸ್ ಮಜೂರ್ (1979) ಮತ್ತೆ ವಾದ್ಯ ಸಂಗೀತಕ್ಕೆ ಮರಳಿತು.

ಸಂಗ್ರಹದ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಅಪರೂಪದ ಸಾಮಗ್ರಿಯ ತೂಕವೆಲ್ಲ 1973-75ರ ಕಡೆಗೆ ವಾಲಿದೆ. ಎನ್‌ಕೋರ್ ಆಲ್ಬಮ್ಮಿಗೆ ಮೂಲವಾದ ಅಮೆರಿಕದ ಕಚೇರಿಗಳಲ್ಲಿ ಒಂದಾದರೂ ಪೂರ್ತಿಯಾಗಿ ಇರಬೇಕಿತ್ತು. ಲಂಡನ್ ಸಂಜೆಗಳ ಮನೋಧರ್ಮ ಎರಡೇ ವರ್ಷದಲ್ಲಿ ಹೇಗೆ ಮುಂಚೆಯೇ ಗೊತ್ತುಮಾಡಿದ ವಿನ್ಯಾಸಗಳತ್ತ ಸರಿಯಿತೆಂದು ಆಗ ಹೆಜ್ಜೆಹೆಜ್ಜೆಯಾಗಿ ಕೇಳಬಹುದಿತ್ತು. ಸಾರ್ಸರರ್ ಚಿತ್ರದ ಸಂಗೀತ ಬೇರೆ ಕಂಪನಿಯಿಂದ ಬಂದದ್ದು. ಅದು ಈ ಪೆಟ್ಟಿಗೆಯಲ್ಲಿಲ್ಲ. ಓರ್ ಕಂಪನಿಯ ವರ್ಷಗಳೂ ಹೊರಗೇ ಉಳಿದಿವೆ.

2020ರಲ್ಲಿ ಇದರ ಮುಂದುವರಿಕೆಯಾಗಿ ಪೈಲಟ್ಸ್ ಆಫ್ ಪರ್ಪಲ್ ಟ್ವಿಲೈಟ್ ಎಂಬ 10 ಸಿಡಿಗಳ ಸಂಗ್ರಹ ಬಂತು. 1980ರಿಂದ 1983ರವರೆಗಿನ ವರ್ಜಿನ್ ಮುದ್ರಣಗಳು ಅದರಲ್ಲಿವೆ. ಬೌಮಾನ್ ಬಿಟ್ಟ ಜಾಗದಲ್ಲಿ ಯೊಹಾನೆಸ್ ಶ್ಮೋಲಿಂಗ್ ಬಂದು ಕುಳಿತ ಕಾಲ ಅದು. 1982ರಲ್ಲಿ ಲಂಡನ್ನಿನ ಡೊಮಿನಿಯನ್ ಥಿಯೇಟರ್‌ನಲ್ಲಿ ನಡೆದ ಕಚೇರಿಯೂ ಅಭಿಮಾನಿಗಳು ದಶಕಗಳಿಂದ ಎದುರುನೋಡುತ್ತಿದ್ದ ಮೈಕೆಲ್ ಮಾನ್‌ನ ದಿ ಕೀಪ್ ಚಿತ್ರದ ಸಂಗೀತವೂ ಅದರಲ್ಲಿ ಸೇರಿವೆ.